ಈಸಾಕನ ಅರಳದ ಹೂವು

"ಮಗ್ ಬದಲಾಯಿಸಿದ್ದು ನೀನೇ ಕಣೇ. ನಾನು ಕತ್ತೆಗೆ ನೀರು ಕುಡಿಸೋಕೆ ಹೋಗಿದ್ನಲ್ಲ, ಆಗ."

"ನಿನ್ನ ಕಸ ಮುಟ್ಟೋಕೆ ನಂಗೇನು ಬೇರೆ ಕೆಲ್ಸ ಇರ್ಲಿಲ್ವಾ?"

"ಕಸ ಅಂತೆ. ಹಂಗಾದ್ರೆ ಇದೇನು? ಹೇಳು, ಇದೇನು?"

ನಮ್ಮಣ್ಣ ಈಸಾಕ್ ಕಿಟಕಿಯ ಹತ್ತಿರವಿದ್ದ ಮಗ್ಗನ್ನು ಎತ್ತಿ ನನ್ನ ಮೂಗಿನ ಮುಂದೆ ಹಿಡಿದ. ಬೆಳಿಗ್ಗೆ ಅವನು ತನ್ನ ಕೈಯಾರೆ ಅದರಲ್ಲಿ ಕಂದು ಮೊಗ್ಗುಗಳನ್ನು ಇಟ್ಟಿದ್ದ. ಸುಟ್ಟ ಗೋಧಿ ಕಾಳಿನ ಹಾಗೆ ಬಿಗಿದುಕೊಂಡ ಮೊಗ್ಗುಗಳು. ಈಗ ಸಂಜೆ ಐದು ಗಂಟೆಗೆ ಅದೇ ಮಗ್ಗಿನಲ್ಲಿ ಬಿಳಿ ಹೂವುಗಳಿದ್ದವು. ಬಿಳಿ ಹೂವು ತಂದವಳು ನಾನು. ನನ್ನ ಮಗ್ಗಿನ ಕಡೆ ತಿರುಗಿ ನೋಡಿದೆ. ಅದರಲ್ಲಿ ಬಿಳಿ ಇರಲಿಲ್ಲ. ಮುದುಡಿಕೊಂಡ, ಮಾಸಲು ಕಂದು ಬಣ್ಣದ ಏನೋ ಇತ್ತು.

"ನಿನ್ನ ಬಾಯಿ ಜೋರು ಅಂತ ಇಡೀ ಬೆಟ್ಟಕ್ಕೆ ಗೊತ್ತು, ಡೋರ್ಕಾ. ಸತ್ತ ಮಗು ವಿಷಯದಲ್ಲಿ ಕೈಚಳಕ ತೋರಿಸ್ತೀಯ ಅಂತ ಮಾತ್ರ ಗೊತ್ತಿರ್ಲಿಲ್ಲ."

ನಾನು ಮೇಜಿನ ಮೇಲೆ ಕೈ ಬಡಿದೆ. ಟೀ ಪಾತ್ರೆಯ ಮುಚ್ಚಳ ನೆಲಕ್ಕೆ ಬಿದ್ದು ಉರುಳಿಕೊಂಡು ಅಮ್ಮನ ಕಾಲ ಹತ್ತಿರ ಹೋಗಿ ನಿಂತಿತು. ಅಮ್ಮ ಒಲೆಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಅವಳಿಗೆ ಎಂಬತ್ತು ವರ್ಷ. ಕಣ್ಣು ಕಾಣುವುದಿಲ್ಲ. ಕಾಲಿನಿಂದ ತಡವಿ ಮುಚ್ಚಳ ಹುಡುಕಿ, ಬಗ್ಗಿ ಎತ್ತಿ, ತೊಡೆಯ ಮೇಲೆ ಇಟ್ಟುಕೊಂಡಳು.

ಜಗಳ ಯಾತಕ್ಕೆ ಅಂತ ಹೇಳಿಬಿಡುತ್ತೇನೆ.

ನಮಗೆ ಒಬ್ಬಳು ಅಕ್ಕ ಇದ್ದಳು. ಹೆಸರು ಲೆಯಾ. ಆ ಹೆಸರನ್ನು ಅಮ್ಮ ಮನಸ್ಸಿನಲ್ಲೇ ಇಟ್ಟಿದ್ದು, ದೀಕ್ಷಾಸ್ನಾನ ಆಗಿರಲಿಲ್ಲ. ಅರವತ್ತು ವರ್ಷದ ಹಿಂದೆ ಹಟ್ಟಿಯ ಚಾಪೆ ಗುಡಿಸಲಿನಲ್ಲಿ ಹುಟ್ಟಿ ಆರು ದಿನ ಬದುಕಿ ಸತ್ತಳು. ಅಪ್ಪ ಏಳನೆಯ ದಿನ ಬೆಳಿಗ್ಗೆ, ಮೇಕೆಗಳನ್ನು ಹೊರಗೆ ಬಿಡುವ ಮುಂಚೆ, ಅವಳನ್ನು ಒಬ್ಬನೇ ಎತ್ತಿಕೊಂಡು ಹೋಗಿ ಮಣ್ಣು ಮಾಡಿ ಬಂದ. ಹೆತ್ತವಳು ಹತ್ತು ದಿನ ಗುಡಿಸಲಿನಿಂದ ಹೊರಗೆ ಕಾಲಿಡಬಾರದು, ಆದ್ದರಿಂದ ಅಮ್ಮ ಹೋಗಲಿಲ್ಲ. ಆದರೆ ಅವತ್ತೇ ಮುಸ್ಸಂಜೆ, ಎಲ್ಲರೂ ಹಾಲು ಕರೆಯುತ್ತಿದ್ದಾಗ, ತಲೆ ಮೇಲೆ ಕಂಬಳಿ ಹೊದ್ದುಕೊಂಡು ಅಪ್ಪನ ಹೆಜ್ಜೆ ಗುರುತು ಹಿಡಿದು ಹೋಗಿ, ಹೊಸ ಮಣ್ಣು ನೋಡಿ, ಒಂದು ಗಳಿಗೆ ಕೂತು ಬಂದಳು. ಮಾರನೆಯ ದಿನ ಗುಡಿಸಲು ಬಿಚ್ಚಿ ಕತ್ತೆಗಳ ಮೇಲೆ ಹೇರಿಕೊಂಡು ಬೇರೆ ಕಡೆ ಹೋದರು. ಸಾವಾದ ಜಾಗದಲ್ಲಿ ಗುಡಿಸಲು ನಿಲ್ಲಿಸುವುದಿಲ್ಲ. ಆಮೇಲೆ ಅಪ್ಪ ತಾಮ್ರದ ಗಣಿಗೆ ಸೇರಿದ. ಅವರು ಈ ಬೆಟ್ಟಕ್ಕೆ ವಾಪಸ್ ಬಂದಿದ್ದು ನಲವತ್ತು ವರ್ಷ ಕಳೆದ ಮೇಲೆ, ಗಣಿ ಅಪ್ಪನ ಎದೆಯನ್ನು ಪೂರ್ತಿ ತಿಂದ ಮೇಲೆ. ಅಷ್ಟು ಹೊತ್ತಿಗೆ ಅಮ್ಮನ ಕಣ್ಣಿಗೆ ಮಂಜು ಕವಿದಿತ್ತು.

ಬಂದ ವರ್ಷವೇ ಅಪ್ಪ ಈಸಾಕನನ್ನು ಕರೆದುಕೊಂಡು ಹೋಗಿ ಚಪ್ಪಟೆ ಬಂಡೆಯ ಪಕ್ಕದಲ್ಲಿ ಒಂದು ಜಾಗ ತೋರಿಸಿದ. "ಇಲ್ಲೇ. ಈ ಕಂದು ಹೂವಿನ ಮಧ್ಯೆ." ಮನೆಗೆ ಬಂದು ಅಮ್ಮನಿಗೂ ಹೇಳಿದ. ಅಮ್ಮ ಕೆರಳಿದಳು. "ಕಂದು ಹೂವು ಎಲ್ಲಿತ್ತು ಅಲ್ಲಿ? ಬಿಳಿ ಹೂವು ಇದ್ದದ್ದು. ಮಂಡಿ ಊರಿದ್ರೆ ಲಂಗದ ತುಂಬಾ ವಾಸನೆ ಬರ್ತಿತ್ತು. ನೀನು ಜಾಗ ಕಳ್ಕೊಂಡು ಈಗ ಯಾವುದೋ ನಾಯಿ ಹೂತಿದ್ದು ತೋರಿಸ್ತಿದೀಯ." ಅಪ್ಪ ಸಾಯುವ ತನಕ, ಅಂದರೆ ಹದಿನಾರು ವರ್ಷ, ಇದೇ ಜಗಳ. ಅಮ್ಮ ಒಂದು ಸಲವೂ ಚಪ್ಪಟೆ ಬಂಡೆಗೆ ಹೋಗಲಿಲ್ಲ. ಅಪ್ಪ ಒಂದು ಸಲವೂ ತನ್ನ ಮಾತು ಬದಲಾಯಿಸಲಿಲ್ಲ.

ನಾನು ಅಮ್ಮನ ಕಡೆ. ಅಮ್ಮ ನನ್ನ ಮನೆಯಲ್ಲೇ ಇರುವವಳು. ಮದುವೆಯಾದ ಎರಡನೇ ವರ್ಷಕ್ಕೆ ನಾನು ಗಂಡನನ್ನು ಹೊರಗೆ ಹಾಕಿದೆ, ಅಲ್ಲಿಂದ ಈ ಮನೆಯಲ್ಲಿ ನನ್ನ ಮಾತಿಗೆ ಎದುರು ಮಾತಿಲ್ಲ. ಬಿಳಿ ಹೂವು ಎಲ್ಲಿ ತುಂಬಿರುತ್ತದೆ ಅಂತ ನೋಡಿದೆ. ಕತ್ತೆ ಕಣಿವೆಯಲ್ಲಿ ಹಳೆಯ ದೊಡ್ಡಿಯ ಕಲ್ಲು ಸುತ್ತು ಇದೆ, ಮಳೆ ಬಿದ್ದ ವರ್ಷ ಅದರೊಳಗೆ ಹಾಲು ಚೆಲ್ಲಿದ ಹಾಗೆ ಬಿಳಿ ಹೂವು. ನಾನೇ ಅಮ್ಮನನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋದೆ. "ಬಿಳಿನಾ?" ಅಂದಳು. "ಹಾಲಿನ ಥರ" ಅಂದೆ. "ಹಾಗಾದ್ರೆ ಇರಬಹುದು" ಅಂದಳು. ಅಷ್ಟೇ. ಅಲ್ಲಿ ಕಲ್ಲು ಒಟ್ಟಿದೆ. ಹನ್ನೊಂದು ವರ್ಷ, ಪ್ರತಿ ವರ್ಷ ಹೂವಿನ ತಿಂಗಳಲ್ಲಿ ಮಧ್ಯಾಹ್ನ ಅವಳನ್ನು ಕರೆದುಕೊಂಡು ಹೋಗಿ ಆ ಕಲ್ಲಿನ ಪಕ್ಕ ಕೂರಿಸಿದ್ದೇನೆ. ಈಸಾಕ್ ಚಪ್ಪಟೆ ಬಂಡೆಯ ಹತ್ತಿರ ತನ್ನ ಕಲ್ಲು ಒಟ್ಟಿಕೊಂಡಿದ್ದ. ಒಂದು ಮಗುವಿಗೆ ಎರಡು ಗೋರಿ.

ಇಷ್ಟು ದಿನ ಹಾಗೇ ನಡೆಯಿತು. ಈ ವರ್ಷ ಅಮ್ಮ ಹಟ ಹಿಡಿದಳು. ಪಾದ್ರಿಯವರು ಬಂದು ಮಗುವಿನ ಹೆಸರು ಓದಬೇಕು, ಇಲ್ಲದಿದ್ದರೆ ತಾನು ಸಾಯುವುದಿಲ್ಲ ಎಂದಳು. ಪಾದ್ರಿಯವರು ಒಪ್ಪಿದರು. ಶನಿವಾರ ಬರುತ್ತೇನೆ, ಆದರೆ ಒಂದೇ ಕಡೆ ಓದುತ್ತೇನೆ, ಎಲ್ಲಿ ಅಂತ ನೀವು ಮೊದಲು ತೀರ್ಮಾನ ಮಾಡಿ ಎಂದರು.

"ಎರಡು ಕಡೆನೂ ಓದಿದ್ರೆ ಏನ್ ಗಂಟು ಹೋಗುತ್ತೆ?" ಅಂತ ನಾನು ಕೇಳಿದ್ದೆ.

"ಅರ್ಧ ಮಗು ಅಲ್ಲಿ, ಅರ್ಧ ಮಗು ಇಲ್ಲಿ ಇದೆಯೇನೇ?" ಅಂದಿದ್ದ ಈಸಾಕ್.

ಆಗ ಫೀಮಾ ಟೀಚರ್ ಹೆಸರು ಬಂತು. ಅವರು ನಮ್ಮೂರ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು, ಅಪ್ಪ ಅಮ್ಮ ಗಣಿಯಲ್ಲಿದ್ದಾಗ ಇಲ್ಲಿ ಅಜ್ಜನ ಮನೆಯಲ್ಲಿ ಬೆಳೆದ ನನಗೂ ಐದನೆಯ ತರಗತಿಯ ತನಕ ಹೊಡೆದು ಕಲಿಸಿದವರು. ಹಳೆ ಪೇಪರಿನ ಮಧ್ಯೆ ಹೂವು ಒಣಗಿಸಿ ಅಂಟಿಸಿ ಇಟ್ಟುಕೊಳ್ಳುವ ಹುಚ್ಚು ಅವರಿಗೆ. ಎರಡೂ ಕಡೆಯ ಹೂವು ತನ್ನಿ, ಕಿತ್ತು ಹಿಂಡಿ ತರಬೇಡಿ, ಬೇರು ಮಣ್ಣು ಸಮೇತ ತನ್ನಿ, ನೋಡೋಣ ಎಂದರು. ಹೀಗೆ ಮಂಗಳವಾರ ಬೆಳಿಗ್ಗೆ ಈಸಾಕ್ ತನ್ನ ಮೇಕೆಗಳನ್ನು ಪಕ್ಕದ ಹಟ್ಟಿಯವರಿಗೆ ಒಪ್ಪಿಸಿ, ಕಂದು ಮೊಗ್ಗು ಹಿಡಿದುಕೊಂಡು ಗಾಡಿಯಲ್ಲಿ ಬಂದ. ನಾನು ಬಿಸಿಲು ಏರಿದ ಮೇಲೆ ಕತ್ತೆ ಕಣಿವೆಗೆ ಹೋಗಿ ಬಿಳಿ ಹೂವು ತಂದೆ. ಎರಡೂ ನೀಲಿ ಅಂಚಿನ ಬಿಳಿ ಮಗ್ಗುಗಳು. ಎರಡನ್ನೂ ಕಿಟಕಿಯ ಹತ್ತಿರ ಇಟ್ಟೆವು.

ಟೀಚರ್ ಭೂತಗನ್ನಡಿ ಹಿಡಿದು ಮೊದಲು ನನ್ನ ಹೂವು ನೋಡಿದರು.

"ಡೋರ್ಕಾಸ್, ಇದು ಒಂದು ಹೂವಲ್ಲ."

"ಮತ್ತೆ? ಎರಡಾ?"

"ನೂರು. ಈ ಹಳದಿ ಬೊಟ್ಟಿದೆಯಲ್ಲ, ಅದರಲ್ಲಿ ಒಂದೊಂದು ಚುಕ್ಕೆನೂ ಒಂದೊಂದು ಹೂವು. ಎಲ್ಲ ಒಟ್ಟಿಗೆ ಕೂತು ಒಂದೇ ಹೂವು ಅಂತ ನಟಿಸ್ತವೆ. ರಸ್ತೆ ಪಕ್ಕ, ಉತ್ತು ಬಿಟ್ಟ ಹೊಲ, ಹಳೆ ದೊಡ್ಡಿ, ಎಲ್ಲಿ ನೆಲ ಕೆದಕಿದಾರೋ ಅಲ್ಲೆಲ್ಲ ಇದೇ."

ನಾನು ಗಾಜಿನಲ್ಲಿ ಕಣ್ಣಿಟ್ಟು ನೋಡಿದೆ. ನಿಜವಾಗಿ ಏನೇನೋ ಕಾಣಿಸಿತು. ಐವತ್ತು ವರ್ಷ ಒಂದು ಅಂದುಕೊಂಡಿದ್ದನ್ನು ನೂರು ಅಂದರೆ ತಲೆ ತಿರುಗುವುದಿಲ್ಲವೇ? ಆಮೇಲೆ ಅವರು ಈಸಾಕನ ಮಗ್ ಹತ್ತಿರ ಎಳೆದುಕೊಂಡರು.

"ಇದು ಯಾವಾಗ ಅರಳುತ್ತೆ?"

"ಇದು ಅರಳಲ್ಲ ಟೀಚರ್."

"ಅರಳದೇ ಇರೋ ಹೂವು ಇಲ್ಲ, ಈಸಾಕ್."

"ಇದೆ. ಹದಿನೆಂಟು ಇಪ್ಪತ್ತು ವರ್ಷದಿಂದ ದಿನಾ ಬೆಳಿಗ್ಗೆ ಅದರ ಪಕ್ಕದಲ್ಲೇ ಮೇಕೆ ಹೊಡ್ಕೊಂಡು ಹೋಗ್ತೀನಿ. ಹೀಗೇ ಇರುತ್ತೆ. ನಮ್ಮಪ್ಪನೂ ಹೀಗೇ ನೋಡಿದಾನೆ. ಹೀಗೇ ಇದ್ದು ಹೀಗೇ ಒಣಗುತ್ತೆ. ಕೆಲವರು ಮದುವೆ ಆಗದೇ ಇರಲ್ವಾ, ಹಂಗೆ."

"ಆಗಿ ಬಿಟ್ಟವರೂ ಇರ್ತಾರೆ" ಅಂತ ಅವನು ನನ್ನ ಕಡೆ ನೋಡಿ ಸೇರಿಸಿದ. ನಾನು ಸೌದೆ ಎತ್ತಿಕೊಂಡೆ.

ಟೀಚರ್ ಇಬ್ಬರನ್ನೂ ಗದರಿದರು. ಬಾಯಿ ಮುಚ್ಚಿದ ಹೂವಿನ ಹಲ್ಲು ಎಣಿಸಲು ತನ್ನಿಂದಾಗದು, ಊಟ ಮುಗಿಸಿ ಪುಸ್ತಕ ನೋಡಿ ಸಂಜೆ ಬರುತ್ತೇನೆ, ಅಲ್ಲಿಯ ತನಕ ಮಗ್ ಮುಟ್ಟಬೇಡಿ ಎಂದು ಹೇಳಿ ಹೋದರು. ನಾವು ಕೆಂಡದ ರೊಟ್ಟಿ ತಿಂದೆವು. ಈಸಾಕ್ ಗೋಡೆಗೆ ಒರಗಿ ಮಲಗಿದ. ನಾನು ಬಟ್ಟೆ ಒಗೆದೆ. ನಾಲ್ಕೂವರೆಗೆ ಅವನು ಕತ್ತೆಗೆ ನೀರು ಕುಡಿಸಲು ಹೋದ. ವಾಪಸ್ ಬಂದವನೇ ಮಗ್ ನೋಡಿ ಶುರು ಮಾಡಿದ.

ಈಗ ಮತ್ತೆ ಜಗಳಕ್ಕೆ ಬರುತ್ತೇನೆ.

"ಅಮ್ಮ, ಇವಳು ಮಗ್ ಮುಟ್ಟಿದ್ಲಾ ಇಲ್ವಾ?" ಅಂತ ಈಸಾಕ್ ಕೇಳಿದ.

"ನಂಗೆ ಕಣ್ಣು ಕಾಣುತ್ತೇನೋ?" ಅಂದಳು ಅಮ್ಮ.

"ಸದ್ದು ಕೇಳಿಸುತ್ತಲ್ಲ."

"ಕೇಳಿಸುತ್ತೆ. ನಿಮ್ಮಿಬ್ಬರದೇ ಕೇಳಿಸೋದು."

ನನಗೆ ರೇಗಿತು. ಅವನ ಕೈಯಿಂದ ಮಗ್ ಕಿತ್ತುಕೊಂಡು ಒಳಗಿದ್ದದ್ದನ್ನು ಬೇರು ಸಮೇತ ಹೊರಗೆಳೆದೆ. ದಾರದಂಥ ತೊಟ್ಟು, ಹುಲ್ಲಿನ ಗರಿಯಂಥ ಎರಡು ಎಲೆ, ಕೆಳಗೆ ಕಡಲೆಕಾಳಿನಷ್ಟು ಗಡ್ಡೆ. ಗಡ್ಡೆಗೆ ಅಂಟಿದ್ದು ಕೆಂಪು ಮಣ್ಣು. ಕತ್ತೆ ಕಣಿವೆಯ ಮಣ್ಣು ಬೂದು ಬಣ್ಣ, ಗೊಬ್ಬರದ ಮಣ್ಣು. ಕೆಂಪು ಮಣ್ಣು ಚಪ್ಪಟೆ ಬಂಡೆಯದು.

"ನೋಡು. ಯಾರ ಮಣ್ಣು ಇದು?"

ಈಸಾಕ್ ಗಡ್ಡೆ ಉಜ್ಜಿ ನೋಡಿದ. "ನಂದೇ."

"ಹಾಗಾದ್ರೆ ನೀನೇ ಬಿಳಿ ಹೂವು ತಂದಿದ್ದು."

"ಬೆಳಿಗ್ಗೆ ನೀನೂ ನೋಡಿದ್ಯಲ್ಲೇ. ಏನು ಬಣ್ಣ ಇತ್ತು?"

"ಕಂದು."

"ಮತ್ತೆ?"

"ಮತ್ತೆ ಏನು ಮತ್ತೆ? ನಂಗೇನು ಗೊತ್ತು?"

ನನ್ನ ಹೂವು ಸಂಜೆ ಮುದುಡುತ್ತದೆ, ಅದರ ಬೆನ್ನು ಮಾಸಲು ಬಣ್ಣ ಎಂಬುದು ಇಲ್ಲಿ ಯಾರಿಗೆ ಗೊತ್ತಿಲ್ಲ? ಆದರೆ ಕೋಪದಲ್ಲಿ ನನಗೂ ಅದು ಹೊಳೆದಿರಲಿಲ್ಲ. ಈಗ ಹೊಳೆಯಿತು. ನನ್ನದು ಮುಚ್ಚಿದೆ, ಸರಿ. ಅವನದು ಹೇಗೆ ಬೆಳ್ಳಗಾಯಿತು? ಸತ್ತ ಹೂವು ಎದ್ದು ಕೂತ ಹಾಗೆ ಕಂಡಿತು. ಈಸಾಕ್ ಅದನ್ನು ಕೈಯಲ್ಲಿ ಹಿಡಿದು, ತಿರುಗಿಸಿ ತಿರುಗಿಸಿ, ತನ್ನದಲ್ಲದ ಮೇಕೆ ತನ್ನ ಮಂದೆಯಲ್ಲಿ ಸಿಕ್ಕವನ ಮುಖ ಮಾಡಿಕೊಂಡು ನಿಂತಿದ್ದ.

ಅಷ್ಟರಲ್ಲಿ ಟೀಚರ್ ದಪ್ಪ ಪುಸ್ತಕವನ್ನು ಕಂಕುಳಲ್ಲಿ ಇರುಕಿಕೊಂಡು ಬಂದರು. ಬಾಗಿಲಲ್ಲೇ ನಿಂತು ಮೂಗು ಅರಳಿಸಿದರು. "ಓ, ಎದ್ದಳಾ?" ಅಂದರು. ಹೂವಿಗೆ ಹೇಳಿದ್ದು.

ಅವರು ಗಾಜು ಹಿಡಿದು ಎಸಳು ಎಣಿಸಿದರು. ಆರು. ಆಮೇಲೆ ಹೂವನ್ನು ಬೋರಲು ಮಾಡಿ ತೋರಿಸಿದರು. ಹೊರಗಿನ ಮೂರು ಎಸಳುಗಳ ಬೆನ್ನು ಕಂದು. ಒಳಗೆ ಪೂರ್ತಿ ಬಿಳಿ.

"ಕಂದು ಕೋಟು ಹಾಕ್ಕೊಂಡು ಹಗಲೆಲ್ಲ ಮಲಗುತ್ತೆ. ಸಂಜೆ ಬಿಸಿಲು ಇಳಿದ ಮೇಲೆ ಕೋಟು ಬಿಚ್ಚುತ್ತೆ. ಪತಂಗಗಳಿಗೋಸ್ಕರ. ಅದಕ್ಕೇ ವಾಸನೆನೂ ಆಗಲೇ."

"ದಿನಾನೂ?" ಅಂತ ಈಸಾಕ್ ಕೇಳಿದ.

"ದಿನಾನೂ."

"ನಾನು ನೋಡೇ ಇಲ್ವಲ್ಲ ಟೀಚರ್."

"ಸಂಜೆ ಆ ಕಡೆ ಹೋಗಿದೀಯ?"

ಬೆಳಿಗ್ಗೆ ಮೇಕೆ ತುಳಿದ ನೆಲವನ್ನು ಸಂಜೆ ಮತ್ತೆ ತುಳಿಸುವವನು ಈ ಬೆಟ್ಟದಲ್ಲಿ ಒಬ್ಬನೂ ಇಲ್ಲ. ಹಾಗೆ ಮಾಡಿದರೆ ಎರಡು ವರ್ಷದಲ್ಲಿ ಮೇವು ಸಾಯುತ್ತದೆ. ಚಪ್ಪಟೆ ಬಂಡೆ ಹೋಗುವ ದಾರಿ, ಬರುವ ದಾರಿ ಪಡುವಣ ಕಡೆಯದು. ಅಪ್ಪನದೂ ಅದೇ ದಾರಿ, ಅಜ್ಜನದೂ ಅದೇ. ಸಂಜೆಯಾದರೆ ಗಂಡಸರು ದೊಡ್ಡಿಯ ಬಾಯಲ್ಲಿ ನಿಂತು ಮೇಕೆ ಲೆಕ್ಕ ಹಾಕುತ್ತಿರುತ್ತಾರೆ, ನರಿ ಭಯ. ಈಸಾಕನ ಗುಡಿಸಲಿನಿಂದ ಬಂಡೆಗೆ ಐನೂರು ಹೆಜ್ಜೆ. ಆ ಐನೂರು ಹೆಜ್ಜೆಯನ್ನು ಅವನು ಸಂಜೆ ಹೊತ್ತು ಒಂದು ದಿನವೂ ನಡೆದಿರಲಿಲ್ಲ.

"ಹೆಸರೇನು ಇದಕ್ಕೆ?" ಅಂದೆ ನಾನು. ಏನಾದರೂ ಕೇಳಬೇಕಲ್ಲ.

"ಅದೇ ಕಷ್ಟ" ಅಂತ ಟೀಚರ್ ಪುಸ್ತಕ ಬಿಡಿಸಿದರು. "ಎರಡಿದೆ ನೋಡು, ಒಂದರ ಥರ ಇನ್ನೊಂದು. ಗಡ್ಡೆ ಸಿಪ್ಪೆ ಬುಡದಲ್ಲಿ ಚಪ್ಪಟೆ ಇದ್ರೆ ಇದು, ಉರುಟಾಗಿದ್ರೆ ಅದು. ಇದು ಚಪ್ಪಟೆ ಅಂತೀಯೋ, ಉರುಟು ಅಂತೀಯೋ?"

ನಾನು ಚಪ್ಪಟೆ ಎಂದೆ. ಈಸಾಕ್ ಉರುಟು ಎಂದ. ಟೀಚರ್ ತಾವೂ ಎರಡು ಸಲ ಮನಸ್ಸು ಬದಲಾಯಿಸಿದರು. ಅವರು ಹೇಳಿದ ಎರಡೂ ಹೆಸರು ಉದ್ದ, ಒಂದೂ ನನ್ನ ನಾಲಿಗೆಯಲ್ಲಿ ನಿಲ್ಲಲಿಲ್ಲ.

"ಇಲ್ಲಿ ಕೊಡಿ ಅದನ್ನ" ಅಂದಳು ಅಮ್ಮ.

ಮೂವರೂ ತಿರುಗಿದೆವು. ಅವಳು ಕೈ ಚಾಚಿದ್ದಳು. ಈಸಾಕ್ ಹೋಗಿ ಹೂವನ್ನು ಅವಳ ಅಂಗೈ ಮೇಲೆ ಇಟ್ಟ. ಅವಳು ಹೆಬ್ಬೆರಳಿನಿಂದ ತೊಟ್ಟು ಸವರಿದಳು, ಗಡ್ಡೆ ಮುಟ್ಟಿದಳು, ಆಮೇಲೆ ಮೂಗಿನ ಹತ್ತಿರ ತಂದಳು. ಬಹಳ ಹೊತ್ತು ಹಾಗೇ ಇದ್ದಳು. ಲವಂಗಕ್ಕೆ ಜೇನು ಬೆರೆಸಿದ ಹಾಗಿನ ವಾಸನೆ ಅದು, ನಾನು ನಿಂತಲ್ಲಿಗೂ ಬರುತ್ತಿತ್ತು.

"ಇದು ಲೆಯಾ ಹತ್ರ ಇದ್ದದ್ದು" ಅಂದಳು.

"ಅಮ್ಮ, ಸರಿಯಾಗಿ ನೋಡು" ಅಂದೆ. ಕುರುಡಿಗೆ ಏನು ಹೇಳುತ್ತಿದ್ದೇನೆ ಎಂಬ ಪರಿವೆ ನನಗಿರಲಿಲ್ಲ. "ಹಾಗಾದ್ರೆ ಕತ್ತೆ ಕಣಿವೆಲಿ ಹನ್ನೊಂದು ವರ್ಷ ನಿಂಗೆ ಏನು ವಾಸನೆ ಬಂತು?"

"ಏನೂ ಬರ್ಲಿಲ್ಲ."

"ಮತ್ತೆ ಹೇಳಬಾರದಿತ್ತಾ?"

"ಹೇಳಿದ್ನಲ್ಲ. ಮೊದಲ್ನೇ ವರ್ಷನೇ ಹೇಳ್ದೆ. ನಿನ್ನ ಮೂಗಿಗೆ ವಯಸ್ಸಾಗಿದೆ ಅಂದೆ ನೀನು."

ಅಂದಿದ್ದೆ. ನೆನಪಿದೆ. ಹೂವು ಮಟಮಟ ಮಧ್ಯಾಹ್ನ ಕಣ್ಣು ಕುಕ್ಕುವ ಹಾಗೆ ಅರಳಿತ್ತು, ಇವಳು ಮಂಡಿ ಊರಿ ಮೂಸಿ ಮೂಸಿ ತಲೆ ಅಲ್ಲಾಡಿಸುತ್ತಿದ್ದಳು. ಬಿಸಿಲು ಸುಡುತ್ತಿತ್ತು, ಕತ್ತೆ ಹಟ ಮಾಡುತ್ತಿತ್ತು. ಹಾಗೆ ಅಂದು ಗಾಡಿ ಹತ್ತಿಸಿದ್ದೆ.

"ಎರಡ್ನೇ ವರ್ಷ ಹೇಳಬೇಕಿತ್ತು. ಮೂರ್ನೇ ವರ್ಷ ಹೇಳಬೇಕಿತ್ತು."

"ಹೇಳಿದ್ರೆ ಕಿರುಚ್ತೀಯ" ಅಂದಳು ಅಮ್ಮ. ಬೇಸರವಿಲ್ಲದೆ, ಹೊರಗೆ ಗಾಳಿ ಇದೆ ಎಂದು ಹೇಳುವ ಹಾಗೆ ಹೇಳಿದಳು.

ಈಸಾಕ್ ನಗಲಿಲ್ಲ. ಅವನು ನಕ್ಕಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಟೀಚರ್ ಪುಸ್ತಕ ಮುಚ್ಚಿ ಕನ್ನಡಕ ಒರೆಸಿದರು. ನಾನು ಅವರನ್ನು ಹಿಡಿದುಕೊಂಡೆ.

"ಟೀಚರ್, ಈ ಹೂವು ಚಪ್ಪಟೆ ಬಂಡೆ ಹತ್ರ ಮಾತ್ರ ಬೆಳೆಯೋದಾ?"

"ಹಂಗೇನಿಲ್ಲ. ತೇವ ಇರೋ ಗರಸು ನೆಲ ಎಲ್ಲಿದ್ರೂ ಬರಬಹುದು."

"ಕತ್ತೆ ಕಣಿವೆಲೂ?"

"ಬರಬಹುದು. ನೋಡಿದವರು ಯಾರು?"

ನಾನು ನೋಡುತ್ತೇನೆ ಎಂದೆ. ಬುಧವಾರ ಸಂಜೆ ಒಬ್ಬಳೇ ಹೋದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಆ ಹೊತ್ತಿಗೆ ಹೋಗಿದ್ದು. ಬಿಳಿ ಹೂವುಗಳೆಲ್ಲ ಮುದುಡಿಕೊಂಡು ದೊಡ್ಡಿಯ ಸುತ್ತು ಬರೀ ಬೂದಿ ಬಣ್ಣವಾಗಿತ್ತು. ಬೇರೆ ಯಾವುದೋ ಜಾಗಕ್ಕೆ ಬಂದೆನೇನೋ ಎಂದು ಒಂದು ಗಳಿಗೆ ಅನ್ನಿಸಿತು. ನನ್ನ ಕಲ್ಲಿನ ಗುಪ್ಪೆ ಹುಡುಕಿ ಅದರ ಸುತ್ತ ಹೊಟ್ಟೆಯ ಮೇಲೆ ತೆವಳಿದೆ. ಈಸಾಕನ ಹೂವುಗಳನ್ನು ನಿಂತು ನೋಡಿದರೆ ಕಾಣುವುದಿಲ್ಲ, ಗೆಜ್ಜೆಯಷ್ಟು ಸಣ್ಣವು. ಮೊಣಕೈ ತರಚಿತು. ಕಲ್ಲಿನ ಹತ್ತಿರ ಒಂದೂ ಇರಲಿಲ್ಲ. ದೊಡ್ಡಿಯ ಒಳಗೆ ಒಂದೂ ಇರಲಿಲ್ಲ. ಹೊತ್ತು ಮುಳುಗುವ ಮುಂಚೆ, ಹಳ್ಳ ತಿರುಗುವ ಕಡೆ, ಅಲ್ಲಿಂದ ನೂರು ಹೆಜ್ಜೆಯಾಚೆ, ವಾಸನೆ ಬಂತು. ಒಂದು ಪೊದೆಯ ಬುಡದಲ್ಲಿ ಮೂರೇ ಮೂರು. ಬಿಳಿ, ಆರು ಎಸಳು, ಬೆನ್ನು ಕಂದು.

ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಮೂರನ್ನೂ ಕಿತ್ತು ಮುಷ್ಟಿಯಲ್ಲಿ ಹಿಡಿದುಕೊಂಡು ಮನೆ ತನಕ ಹೆಚ್ಚು ಕಡಿಮೆ ಓಡಿದೆ. ಅರ್ಧ ದಾರಿಯಲ್ಲಿ ಯೋಚನೆ ಬಂತು. ಇದರಿಂದ ಏನಾಯಿತು? ಇಲ್ಲೂ ಇದೆ, ಅಲ್ಲೂ ಇದೆ ಅಂದರೆ ಮಗು ಎಲ್ಲಿದೆ? ಮೊದಲು ಎರಡು ಹೂವು ಇತ್ತು, ಒಂದು ಮಗು. ಆಮೇಲೆ ಎರಡು ಹೂವು ಒಂದೇ ಹೂವು ಆಯಿತು. ಟೀಚರ್ ಪುಸ್ತಕದಲ್ಲಿ ಆ ಒಂದೇ ಹೂವು ಮತ್ತೆ ಎರಡು. ಈಗ ಒಂದೇ ಹೂವು ಎರಡು ಕಡೆ. ತಲೆ ಕೆಟ್ಟು ಹೋಯಿತು. ಆದರೂ ಕಾಲು ನಿಧಾನ ಆಗಲಿಲ್ಲ.

ಅಮ್ಮ ಒಲೆಯ ಪಕ್ಕದಲ್ಲೇ ಇದ್ದಳು. ಹೂವು ಅವಳ ಮೂಗಿಗೆ ಹಿಡಿದೆ.

"ಇದೂ ಅದೇ" ಅಂದಳು.

"ಕತ್ತೆ ಕಣಿವೆದು" ಅಂದೆ. "ಈಗೇನಂತೀಯ?"

"ಎಷ್ಟಿದ್ವು?"

"ಮೂರು."

"ಕಲ್ಲಿನ ಹತ್ರನಾ?"

ನಾನು ಸುಳ್ಳು ಹೇಳಬಹುದಿತ್ತು. ಅವಳಿಗೆ ಗೊತ್ತಾಗುತ್ತಿರಲಿಲ್ಲ. "ಸ್ವಲ್ಪ ಆಚೆ" ಅಂದೆ.

ಅಮ್ಮ ಹೂವನ್ನು ತೊಡೆಯ ಮೇಲಿಟ್ಟು ಎಸಳುಗಳನ್ನು ಒಂದೊಂದಾಗಿ ಮುಟ್ಟುತ್ತಾ ಕೂತಳು. ಆಮೇಲೆ ಹೇಳಿದಳು, "ಹೂವು ಬೆಟ್ಟದ ತುಂಬಾ ಬೆಳೀಲಿ ಡೋರ್ಕಾ. ನಂಗೆ ಹೂವಿಂದ ಏನೂ ಆಗಬೇಕಾಗಿಲ್ಲ. ಗುಂಡಿ ತೋಡಿದ್ದು ನಾನಲ್ಲ, ನಿಮ್ಮಪ್ಪ. ಅವನು ಚಪ್ಪಟೆ ಬಂಡೆ ಅಂದ. ನಾನು ಅವನನ್ನ ಸುಳ್ಳ ಅಂದೆ. ಯಾಕೆ ಅಂದೆ? ಹೂವು ಬಿಳಿ ಅಂತ. ಬೇರೆ ಏನಾದ್ರೂ ಕಾರಣ ಇತ್ತಾ ನನ್ನ ಹತ್ರ? ಇರ್ಲಿಲ್ಲ. ಅದೊಂದೇ. ಅದು ಬಿದ್ದೋಯ್ತಲ್ಲ."

"ಅಪ್ಪ ಮರೆತಿರಬಹುದಲ್ವಾ? ನಲವತ್ತು ವರ್ಷ ಆಗಿತ್ತು."

"ಮರೆತಿರಬಹುದು."

"ಹಾಗಾದ್ರೆ?"

"ಹಾಗಾದ್ರೆ ಏನಿಲ್ಲ. ಸಾಯೋ ದಿನನೂ ಕೇಳ್ದ. ಒಂದ್ಸಲ ಬಾ ಸೋಫಿಯಾ, ಗಾಡಿ ಕಟ್ತೀನಿ ಅಂದ. ಗಾಡಿ ಕಟ್ಟೋಕೆ ಅವನ ಕೈಲಿ ಆಗ್ತಿರ್ಲಿಲ್ಲ ಆಗ. ನಾನು ಗೋಡೆ ಕಡೆ ತಿರುಗಿಕೊಂಡೆ."

ಇದು ನನಗೆ ಗೊತ್ತಿರಲಿಲ್ಲ. ಅದೇ ಮನೆಯಲ್ಲಿ, ಅದೇ ಒಲೆಯ ಪಕ್ಕದಲ್ಲಿ ನಾನೂ ಇದ್ದೆ. ಇದು ಯಾವಾಗ ನಡೆಯಿತು?

ಗುರುವಾರ ಹತ್ತು ಗಂಟೆಗೆ ಈಸಾಕನ ಗಾಡಿ ಬಂದು ನಿಂತಿತು. ಅಮ್ಮ ಹೇಳಿ ಕಳಿಸಿದ್ದಳಂತೆ, ಯಾರ ಕೈಲಿ ಅಂತ ನಾನು ಕೇಳಲಿಲ್ಲ. ಅವಳು ಕಂಬಳಿ, ಎರಡು ಲಂಗ, ಬೈಬಲ್, ಮೂಳೆಯ ಬಾಚಣಿಗೆ ಇಷ್ಟನ್ನೂ ಬೆಳಿಗ್ಗೆಯೇ ಗಂಟು ಕಟ್ಟಿಕೊಂಡಿದ್ದಳು.

"ಶನಿವಾರಕ್ಕೆ ಇನ್ನೂ ಎರಡು ದಿನ ಇದೆ" ಅಂದೆ. "ಇವತ್ತೇ ಯಾಕೆ?"

"ಸಂಜೆ ಅಲ್ಲಿ ಕೂತ್ಕೋಬೇಕು."

"ಕೂತು ಬಾ. ನಾನೇ ಕರ್ಕೊಂಡು ಹೋಗ್ತೀನಿ, ನಾನೇ ಕರ್ಕೊಂಡು ಬರ್ತೀನಿ. ಈ ಗಂಟು ಯಾತಕ್ಕೆ?"

ಅಮ್ಮ ಗಂಟನ್ನು ಇನ್ನಷ್ಟು ಬಿಗಿದಳು. ನಾನು ಈಸಾಕನ ಕಡೆ ತಿರುಗಿದೆ. "ನೀನು ಹೇಳಿಕೊಟ್ಟಿದೀಯ."

"ನಾನೇನು ಹೇಳಿಕೊಡ್ಲಿ? ನಂಗೇ ಏನೂ ಅರ್ಥ ಆಗ್ತಿಲ್ಲ" ಅಂದ ಅವನು. ಅವನ ಮುಖ ನೋಡಿದರೆ ಗೆದ್ದವನ ಹಾಗಿರಲಿಲ್ಲ. "ನಿನ್ನೆ ಸಂಜೆ ಹೋಗಿದ್ದೆ ಕಣೇ, ಬಂಡೆ ಹತ್ರ. ಮೇಕೆನೆಲ್ಲ ಬೇಗ ಕೂಡಿ ಹೋದೆ. ಇಡೀ ನೆಲ ಬಿಳಿ. ನನ್ನ ಕಲ್ಲು ಗುಪ್ಪೆನೇ ಗುರುತು ಸಿಗ್ಲಿಲ್ಲ ಮೊದ್ಲು. ಅಷ್ಟೊಂದಿದೆ. ಯಾವುದರ ಮಧ್ಯೆ ಅಂತ ಅಪ್ಪ ತೋರಿಸಿದ್ನೋ, ಈಗ ನಂಗೂ ಅನುಮಾನ."

"ನೋಡಿದ್ಯಾ ಅಮ್ಮ" ಅಂದೆ ನಾನು. "ಇವನಿಗೇ ಅನುಮಾನ ಇದೆಯಂತೆ."

"ಇರ್ಲಿ" ಅಂದಳು ಅಮ್ಮ.

ಅವಳು ಎದ್ದಳು. ಗೋಡೆ ಹಿಡಿದು ಬಾಗಿಲ ತನಕ ಬಂದಳು. ಅಲ್ಲಿಂದ ಗಾಡಿಗೆ ಹತ್ತು ಹನ್ನೆರಡು ಹೆಜ್ಜೆ. ದಿನಾ ಅವಳು ಬಾಗಿಲಲ್ಲಿ ನಿಂತು ಕೈ ಚಾಚುತ್ತಾಳೆ, ನಾನು ಹಿಡಿದುಕೊಳ್ಳುತ್ತೇನೆ. ನಾನು ಪಕ್ಕದಲ್ಲೇ ನಿಂತಿದ್ದೆ. ಅವಳು ಕೈ ಚಾಚಲಿಲ್ಲ. ಕೋಲಿನಿಂದ ನೆಲ ತಟ್ಟಿಕೊಂಡು, ಕತ್ತೆಯ ಉಸಿರಿನ ಸದ್ದು ಹಿಡಿದು ನೆಟ್ಟಗೆ ನಡೆದಳು. ನನ್ನ ಮೇಲಿನ ಸಿಟ್ಟೋ, ಅಪ್ಪನಿಗೆ ಕೊಡಬೇಕಾದ ಉತ್ತರವೋ, ಅಥವಾ ನನ್ನ ಕೈ ಅಲ್ಲಿದೆ ಎಂದು ಅವಳಿಗೆ ಗೊತ್ತಾಗಲೇ ಇಲ್ಲವೋ, ನನಗೆ ಇವತ್ತಿಗೂ ತಿಳಿದಿಲ್ಲ. ತಪ್ಪಾಯಿತು ಅನ್ನಬೇಕು ಎಂದುಕೊಂಡೆ. ಬಾಯಿಂದ ಬೇರೆಯೇ ಬಂತು.

"ಶನಿವಾರ ಊಟಕ್ಕೆ ಬರ್ತೀಯ ತಾನೆ? ಮೇಕೆ ತಲೆ ಬೇಯಿಸ್ತೀನಿ."

ಕೇಳಿಸುವಷ್ಟು ಜೋರಾಗಿಯೇ ಹೇಳಿದ್ದೆ. ಈಸಾಕ್ ಅವಳನ್ನು ಎತ್ತಿ ಗಾಡಿಯಲ್ಲಿ ಕೂರಿಸಿದ. ಅವಳು ಶಾಲು ತಲೆಯ ಮೇಲೆ ಎಳೆದುಕೊಂಡಳು. ಗಾಡಿ ಚರ್ಚಿನ ಹಿಂದೆ ತಿರುಗುವ ತನಕ ಅವಳ ಮುಖ ಮುಂದಕ್ಕೇ ಇತ್ತು. ಕಣ್ಣು ಕಾಣದವಳು ಹಿಂದೆ ತಿರುಗಿ ನೋಡಿ ಮಾಡುವುದೇನು ಎಂದು ನನಗೆ ನಾನೇ ಹೇಳಿಕೊಂಡೆ.

ಶನಿವಾರ ನಾನು ಬಂಡೆಯ ಹತ್ತಿರ ಹೋಗಲಿಲ್ಲ. ಬಾ ಅಂತ ಯಾರೂ ಅನ್ನಲಿಲ್ಲ, ಬರಬೇಡ ಅಂತಲೂ ಅನ್ನಲಿಲ್ಲ. ಪಾದ್ರಿಯವರು ಹೆಸರನ್ನು ಎರಡು ಸಲ ಓದಿದರಂತೆ, ಟೀಚರ್ ಬಂದು ಹೇಳಿದರು. ಗಡ್ಡೆ ಚಪ್ಪಟೆಯೇ ಅಂತ ತೀರ್ಮಾನ ಮಾಡಿದೆ ಎಂದೂ ಹೇಳಿದರು. ನಾನು ತಲೆ ಬೇಯಿಸಿ ಇಬ್ಬರ ತಟ್ಟೆ ಇಟ್ಟು ಕೂತಿದ್ದೆ. ಟೀಚರ್ ಸ್ವಲ್ಪ ತಿಂದು ಹೋದರು. ಮುಂದಿನ ವಾರ ಮೂಡಣ ಗಾಳಿ ಬೀಸಿತು, ಮೂರು ದಿನದಲ್ಲಿ ಬೆಟ್ಟದ ಹೂವೆಲ್ಲ ಸುಟ್ಟು ಹೋಯಿತು, ಎರಡೂ ಥರದ್ದು. ಇನ್ನು ಅಲ್ಲಿ ಸಂಜೆ ಕೂತು ಮೂಸುವುದಕ್ಕೆ ಏನೂ ಇಲ್ಲ, ಈಗ ಬರುತ್ತಾಳೆ ಅಂದುಕೊಂಡೆ. ಅಮ್ಮ ಬರಲಿಲ್ಲ.